ಅಪ್ಪನ ಹಾಜರಿ ಪುಸ್ತಕ

"ಬರೆದಿಟ್ಕೊಳ್ಳಿ. ಮುಂದಿನ ವರ್ಷ ಇಷ್ಟೊತ್ತಿಗೆ ನಾನು ಮೆಡಿಕಲ್ ಕಾಲೇಜಿನಲ್ಲಿರ್ತೀನಿ" ಎಂದು ಎಕ್ಸ್‌ರೇಯಣ್ಣ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದಾಗ, ಬರೆದಿಟ್ಟುಕೊಳ್ಳುವ ಅಭ್ಯಾಸವಿರುವ ಒಬ್ಬರು ಅದೇ ಮನೆಯಲ್ಲಿ ಕೂತಿದ್ದಾರೆ ಎಂಬುದು ಅವನಿಗೆ ನೆನಪಾಗಲಿಲ್ಲ. ಆಗಿದ್ದರೆ ಅಷ್ಟು ಜೋರಾಗಿ ಲೋಟ ಕುಕ್ಕುತ್ತಿರಲಿಲ್ಲ.

ಎಕ್ಸ್‌ರೇಯಣ್ಣ ಎಂಬುದು ಆಸ್ಪತ್ರೆಯವರು ಇಟ್ಟ ಹೆಸರು. ಹದಿನಾಲ್ಕು ವರ್ಷದಿಂದ ಜನರನ್ನು ಮಲಗಿಸಿ, ಹೊರಳಿಸಿ, "ಉಸಿರು ಹಿಡೀರಿ, ಹಾಂ, ಬಿಡಿ" ಎನ್ನುತ್ತಾ ಊರಿನ ಅರ್ಧಕ್ಕರ್ಧ ಎಲುಬುಗಳ ಚಿತ್ರ ತೆಗೆದ ಮಹಾನುಭಾವ ಅವನು. ಆಸ್ಪತ್ರೆಯ ನೌಕರರಿಗೆಂದೇ ಮೆಡಿಕಲ್ ಕಾಲೇಜಿನಲ್ಲಿ ಎರಡು ಸೀಟು ಮೀಸಲಿದ್ದವು. ಮೂವತ್ತೈದರೊಳಗಿನವರಿಗೆ ಮಾತ್ರ. ಅವನಿಗೆ ಮೂವತ್ನಾಲ್ಕು ತುಂಬಿತ್ತು, ಅಂದರೆ ಇದೇ ಕೊನೆಯ ಸಲ. ಷರತ್ತು ಎರಡು. ಒಂದು, ಹಳೆಯ ಅಂಕ ಕಡಿಮೆಯಿದ್ದವರು ರಸಾಯನಶಾಸ್ತ್ರ, ಜೀವಶಾಸ್ತ್ರದ ಪರೀಕ್ಷೆಗಳನ್ನು ಮತ್ತೆ ಬರೆದು ಉತ್ತಮಪಡಿಸಿಕೊಳ್ಳಬೇಕು. ಅವನ ರಸಾಯನಶಾಸ್ತ್ರದ ಅಂಕ ನಲವತ್ತೊಂದು. ಅದರಲ್ಲಿ ಆರು ಮೇಷ್ಟ್ರ ಕರುಣೆಯದು. ಎರಡು, ರೋಗಿಯೊಬ್ಬರ ಆರೈಕೆಯಲ್ಲಿ ನೂರು ಗಂಟೆ ಕಳೆದದ್ದಕ್ಕೆ, ಕಣ್ಣಾರೆ ಕಂಡ ಹಿರಿಯರೊಬ್ಬರು ಪತ್ರ ಕೊಡಬೇಕು. ರೋಗಿ ಮನೆಯವರಾದರೂ ಸರಿ.

ಮನೆ ಪರೀಕ್ಷಾ ಕೇಂದ್ರವಾಯಿತು. ಬಚ್ಚಲ ಗೋಡೆಗೆ ಮೂಲವಸ್ತುಗಳ ಪಟ್ಟಿ ಅಂಟಿತು. ಬಟ್ಟೆ ಹೊಲಿದುಕೊಡುವ ಹೆಂಡತಿಗೆ ಬೆಳಗ್ಗೆ ಹತ್ತರವರೆಗೆ ಯಂತ್ರ ಮುಟ್ಟಬಾರದೆಂದು ಕಟ್ಟಪ್ಪಣೆಯಾಯಿತು. ಅವಳು ಪಾಪ, ಬಾಗಿಲ ಬಳಿ ಕೂತು ಮೂರು ತಿಂಗಳು ಕೈಯಲ್ಲೇ ಅಂಚು ಹೊಲಿದಳು. ಅಪ್ಪ ಕೆಮ್ಮಿದರೆ ಇವನು ಬಾಗಿಲು ತೆರೆದು ಇಣುಕುತ್ತಿದ್ದ. ಕಾಳಜಿಯಿಂದೇನಲ್ಲ.

ಹೀಗಿರುವಾಗ ಒಂದು ದಿನ ಅಪ್ಪ ಮೆಟ್ಟಿಲ ಮೇಲೆ ಜಾರಿ ಬಿದ್ದು ಪಾದದ ಗಂಟು ಬಿರುಕು ಬಿಟ್ಟಿತು. ಇವನು ಟ್ಯೂಷನ್‌ನಲ್ಲಿ ಫೋನ್ ಆಫ್ ಮಾಡಿ ಅಭ್ಯಾಸ ಪರೀಕ್ಷೆ ಬರೆಯುತ್ತಿದ್ದ. ಹೆಂಡತಿಯೇ ಮಾವನನ್ನು ಆಸ್ಪತ್ರೆಗೆ ಕರೆದೊಯ್ದಳು, ಇವನ ಜೊತೆಗಾರನೇ ಎಕ್ಸ್‌ರೇ ತೆಗೆದ, ಕಟ್ಟು ಬಿತ್ತು. ಸಂಜೆ ಸುದ್ದಿ ತಿಳಿದಾಗ ಎಕ್ಸ್‌ರೇಯಣ್ಣನ ಕರುಳು ನಿಜವಾಗಿಯೂ ಚುರುಕ್ ಎಂದಿತು. ಎರಡು ನಿಮಿಷ ಹಾಗೇ ಇತ್ತು. ಮೂರನೇ ನಿಮಿಷಕ್ಕೆ ತಲೆಯೊಳಗೆ ದೀಪ ಹೊತ್ತಿಕೊಂಡಿತು: ನೂರು ಗಂಟೆ! ಅದೂ ಮನೆಯಲ್ಲೇ!

ಅಪ್ಪ ಮೂವತ್ತಮೂರು ವರ್ಷ ನೂಲಿನ ಗಿರಣಿಯ ಗೇಟಿನಲ್ಲಿ, ಕೆಲಸಗಾರರು ಒಳಗೆ ಬಂದ, ಹೊರಗೆ ಹೋದ ಹೊತ್ತು ಬರೆದಿಡುವ ಟೈಮ್ ಕೀಪರ್ ಆಗಿದ್ದವರು. ಎರಡು ನಿಮಿಷ ತಡವಾಗಿ ಬಂದ ಸ್ವಂತ ಭಾವಮೈದುನನಿಗೆ ಗೇಟು ತೆರೆಯದೆ ವಾಪಸ್ ಕಳಿಸಿದ್ದರು. ಆ ಪುಣ್ಯಾತ್ಮ ಅಂದಿನಿಂದ ಅಕ್ಕನ ಮನೆಗೆ ಊಟಕ್ಕೂ ಹತ್ತು ನಿಮಿಷ ಮುಂಚೆಯೇ ಬರುತ್ತಿದ್ದ. ಇಂಥವರ ಮುಂದೆ ಮಗ ಹೋಗಿ ನಿಂತ.

"ಅಪ್ಪಾ, ನಿಮ್ಮ ಸೇವೆ ನಾನು ಮಾಡ್ತೀನಿ. ನೂರು ಗಂಟೆ. ಕೊನೆಗೆ ಒಂದು ಪತ್ರ ಕೊಟ್ಟುಬಿಡಿ, ಸಾಕು."

ಅಪ್ಪ ದಿಂಬಿನಡಿಯಿಂದ ನೋಟ್‌ಬುಕ್ಕು ತೆಗೆದು, ಸ್ಕೇಲಿಟ್ಟು ಗೆರೆ ಎಳೆದರು. "ಮಾಡಪ್ಪ. ನಾನು ಬರೀತಾ ಹೋಗ್ತೀನಿ."

ಸೇವೆ ಶುರುವಾಯಿತು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಕೈಯಲ್ಲಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಲ್ಲುವುದು, "ಹೇಗಿದೆ ಅಪ್ಪಾ?" ಎನ್ನುವುದು, ಅಪ್ಪ "ಇದೆ" ಎನ್ನುವುದು, ಇವನು ತಲೆಯಾಡಿಸಿ ಆಮ್ಲಗಳ ಕಡೆಗೆ ಹೋಗುವುದು. ಬಿಸಿನೀರು, ಮಾತ್ರೆ, ಕಟ್ಟು ಬಿಚ್ಚಿದ ಮೇಲೆ ಎಣ್ಣೆ ಹಚ್ಚಿ ಪಾದ ತಿರುಗಿಸುವ ವ್ಯಾಯಾಮ, ಎಲ್ಲವೂ ಹೆಂಡತಿಯ ಪಾಲು. ಸಂಜೆ ಅರ್ಧ ಗಂಟೆ ನೀವೂ ತಿಕ್ಕಿಕೊಡಿ ಎಂದು ಅವಳು ಕೇಳಿದ್ದುಂಟು. ನಾನು ಓದುವುದೂ ಅಪ್ಪನಿಗೋಸ್ಕರವೇ, ಮನೆಯಲ್ಲೊಬ್ಬ ಡಾಕ್ಟರಾದರೆ ಯಾರಿಗೆ ಉಪಯೋಗ ಹೇಳು ಎಂದು ಇವನು ಕೊಟ್ಟ ಉತ್ತರ ಇವನಿಗೇ ಎಷ್ಟು ಹಿಡಿಸಿತೆಂದರೆ ಮಾರನೆಯ ದಿನ ಆಸ್ಪತ್ರೆಯಲ್ಲೂ ಅದನ್ನು ನಾಲ್ಕು ಜನರಿಗೆ ಹೇಳಿದ. ಈಗ ಅದು ನೆನಪಾದರೆ ಎದ್ದು ಹೋಗಿ ಮುಖ ತೊಳೆದುಕೊಳ್ಳುತ್ತಾನೆ.

ಪರೀಕ್ಷೆಯೇನೋ ಅಮೋಘವಾಗಿ ಆಯಿತು. ರಸಾಯನಶಾಸ್ತ್ರ ಎಂಬತ್ತೆಂಟು, ಜೀವಶಾಸ್ತ್ರ ತೊಂಬತ್ತೊಂದು! ಅರ್ಜಿಯಲ್ಲಿ 'ನಿಮ್ಮ ವಿಶೇಷ ಅರ್ಹತೆ' ಎಂಬ ಖಾಲಿ ಜಾಗ ಕಂಡು ಎದೆ ಉಬ್ಬಿತು. ಎಕ್ಸ್‌ರೇ ಹಾಳೆಯ ಮೂಲೆಯಲ್ಲಿ ಎಡವೋ ಬಲವೋ ಎಂದು ಗುರುತು ಹಾಕುವುದು ಅವನ ಕಸುಬಿನ ಪ್ರಾಣ. ಅದನ್ನೇ ಬರೆದ: 'ಹದಿನಾಲ್ಕು ವರ್ಷಗಳಲ್ಲಿ ಒಂದೇ ಒಂದು ಸಲವೂ ನನಗೆ ಎಡ ಬಲ ತಪ್ಪಿಲ್ಲ.'

ಪತ್ರವನ್ನು ಬರೆದವರೇ ಲಕೋಟೆಗೆ ಹಾಕಿ ಅಂಟಿಸಬೇಕೆಂಬುದು ಕಾಲೇಜಿನ ನಿಯಮ. ಅಪ್ಪ ನೋಟ್‌ಬುಕ್ಕನ್ನೇ ಒಳಗಿಟ್ಟು ಅಂಟಿಸಿದರು.

"ರೀ, ಮಾವ ಏನು ಬರೆದಿದ್ದಾರೆ ಅಂತ ಒಂದು ಮಾತು ಕೇಳಿ" ಎಂದಳು ಹೆಂಡತಿ.

ಹೆತ್ತ ಅಪ್ಪ, ಮಗನ ಸೀಟಿಗೆ ಕಲ್ಲು ಹಾಕುತ್ತಾರೆಯೇ ಎಂದು ಇವನು ನಕ್ಕುಬಿಟ್ಟ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ನಡುವೆ ಕೂತ ಬೆಳ್ಳಿಗೂದಲಿನ ಡಾಕ್ಟರಮ್ಮ ಅಂಕಪಟ್ಟಿ ನೋಡಿ ಭೇಷ್ ಎಂದರು. ಆಮೇಲೆ ಲಕೋಟೆ ಒಡೆದು, ಗಟ್ಟಿಯಾಗಿ ಓದತೊಡಗಿದರು.

"ಹತ್ತನೇ ತಾರೀಖು. ಮಗ: ಒಳಗೆ ಏಳು ಹತ್ತು, ಹೊರಗೆ ಏಳು ಹನ್ನೊಂದು. ಹೊಸ್ತಿಲು ದಾಟಲಿಲ್ಲ. ಸೊಸೆ: ಒಳಗೆ ಏಳು ಹನ್ನೆರಡು, ಹೊರಗೆ ಎಂಟು ಐದು." ಹಾಳೆ ತಿರುಗಿತು. "ಹದಿನೆಂಟನೇ ತಾರೀಖು. ಮಗ ಒಳಗೆ ಬಂದ, ಫೋನಿನ ಚಾರ್ಜರ್ ಹುಡುಕಿಕೊಂಡು. ಎರಡು ನಿಮಿಷ. ಆದರೂ ಲೆಕ್ಕಕ್ಕೆ ಸೇರಿಸಿದ್ದೇನೆ."

ಪಕ್ಕದಲ್ಲಿದ್ದವರಿಗೆ ಕೆಮ್ಮು ಬಂತು. ಎಕ್ಸ್‌ರೇಯಣ್ಣನ ಕಿವಿ ಕಾದ ಹೆಂಚಾಯಿತು. ಒಟ್ಟು ಮೊತ್ತವನ್ನೂ ಅವರು ಬಿಡಲಿಲ್ಲ. ಸೊಸೆ, ನೂರ ಎಪ್ಪತ್ತೊಂದು ಗಂಟೆ. ಮಗ, ಮೂರು ಗಂಟೆ ಐವತ್ತೆರಡು ನಿಮಿಷ.

ಅಪ್ಪ ಹಳೇ ಕಾಲದವರು, ಸ್ವಲ್ಪ ಕಟ್ಟುನಿಟ್ಟು ಎಂದು ಇವನು ತೊದಲಿದ.

"ಇರಲಿ ಬಿಡಿ" ಎಂದರು ಡಾಕ್ಟರಮ್ಮ. "ಎಡ ಬಲ ತಪ್ಪೋದೇ ಇಲ್ಲ ಅಂತ ಬರೆದಿದ್ದೀರಲ್ಲ. ನಿಮ್ಮ ತಂದೆಗೆ ಪೆಟ್ಟಾಗಿದ್ದು ಯಾವ ಕಾಲಿಗೆ?"

ಅವನು ಕಣ್ಣು ಮುಚ್ಚಿದ. ಬಾಗಿಲು ಕಂಡಿತು, ಮಂಚ ಕಂಡಿತು, ದಿಂಬಿನ ಮೇಲೆ ಬಲಗಡೆಗೆ ಬಿಳಿ ಕಟ್ಟು ಕಂಡಿತು. "ಬಲಗಾಲು, ಮೇಡಂ."

"ಎಡಗಾಲು ಅಂತ ಬರೆದಿದ್ದಾರೆ."

ಎದುರಿಗೆ ನಿಂತವರ ಬಲಕ್ಕೆ ಕಾಣುವುದು ಮಲಗಿದವರ ಎಡ. ದಿನಕ್ಕೆ ಅರವತ್ತು ಸಲ ಈ ಲೆಕ್ಕ ಹಾಕುವವನು ಅಪ್ಪನ ಕಾಲಿಗೆ ಒಂದು ಸಲವೂ ಹಾಕಿರಲಿಲ್ಲ. ಪಕ್ಕದಲ್ಲಿ ಕೂತು ಒಂದು ದಿನ ಮುಟ್ಟಿದ್ದರೂ ಕೈಗೆ ಗೊತ್ತಿರುತ್ತಿತ್ತು. ಅವನಿಗೆ ಎಂಥಾ ನಾಚಿಕೆಯಾಯಿತೆಂದರೆ, ಸೀಟು ಹೋದರೆ ಹೋಗಲಿ, ಈ ಕೋಣೆಯಿಂದ ಬಿಟ್ಟರೆ ಸಾಕು ಎನಿಸಿತು.

"ಕೊನೆಯಲ್ಲೊಂದು ಷರಾ ಇದೆ" ಎಂದರು ಡಾಕ್ಟರಮ್ಮ. ಈ ಸಲ ಮೆಲ್ಲಗೆ ಓದಿದರು. "ಹುಡುಗ ದಡ್ಡನಲ್ಲ. ಕಲಿಸಿದರೆ ಕಲಿಯುತ್ತಾನೆ. ದಯವಿಟ್ಟು ಗೇಟಿನ ಹೊರಗೆ ನಿಲ್ಲಿಸಬೇಡಿ."

ಮೂವತ್ತಮೂರು ವರ್ಷ, ತಡವಾಗಿ ಬಂದ ಯಾರಿಗೂ ಗೇಟು ತೆರೆಯದಿದ್ದ ಮನುಷ್ಯ ಬರೆದ ಮಾತು ಅದು. ಎಕ್ಸ್‌ರೇಯಣ್ಣ ತಲೆ ಎತ್ತಲಿಲ್ಲ.

"ಇಷ್ಟು ನಿಜ ಬರೆದೋರು ಇದನ್ನೂ ಬರೆದಿದ್ದಾರೆ ಅಂದ್ರೆ ನಂಬಬೇಕಾಗುತ್ತೆ. ಆರು ವಾರ ಸೀಟು ಹಿಡಿದಿರ್ತೀವಿ. ಉಳಿದ ಗಂಟೆ ಮುಗಿಸಿ, ಇದೇ ಕೈಯಲ್ಲಿ ಬರೆಸ್ಕೊಂಡು ಬನ್ನಿ."

ಮನೆಗೆ ಬಂದಾಗ ಹೆಂಡತಿ ಇವನ ಮುಖ ನೋಡಿ ಹೊಲಿಗೆ ಯಂತ್ರ ನಿಲ್ಲಿಸಿದಳು. ನಿಲ್ಲಿಸಬೇಡ, ಹೊಲಿ ಎಂದು ಹೇಳಿ ಇವನು ಎಣ್ಣೆಯ ಬಟ್ಟಲು ಹಿಡಿದು ಹೊಸ್ತಿಲು ದಾಟಿದ. ಅಪ್ಪ ಎರಡೂ ಕಾಲಿಗೆ ಕಾಲುಚೀಲ ಹಾಕಿಕೊಂಡು ಒರಗಿದ್ದರು. ಇವನು ಮಂಚದ ತುದಿಯಲ್ಲಿ ಅವರಿಗೆ ಎದುರಾಗಿ ಕೂತ. ಎಡ, ಎಡ, ಎಡ ಎಂದು ಮನಸ್ಸಿನಲ್ಲೇ ಜಪಿಸುತ್ತಾ ತನ್ನ ಎಡಗಡೆಗಿದ್ದ ಕಾಲನ್ನು ತೊಡೆಯ ಮೇಲೆಳೆದುಕೊಂಡು, ಚೀಲ ತೆಗೆದು, ಒಂದೊಂದು ಎಲುಬನ್ನೂ ಭಕ್ತಿಯಿಂದ ತಿಕ್ಕಿದ. ಕಣ್ಣು ಮಂಜಾಗಿತ್ತು. ಅಪ್ಪ ಗಡಿಯಾರ ನೋಡಿದರು, ಇವನನ್ನು ನೋಡಿದರು, ದಿಂಬಿನಡಿಯಿಂದ ಹೊಸ ನೋಟ್‌ಬುಕ್ಕು ತೆಗೆದರು.

"ಹೇಗಿದೆ ಅಪ್ಪಾ?"

"ಹಾಯಾಗಿದೆ ಕಣೋ. ಹತ್ತು ನಿಮಿಷ ಬರ್ಕೊಂಡೆ." ಅಪ್ಪ ಪೆನ್ನಿಗೆ ಮುಚ್ಚಳ ಹಾಕಿದರು. "ಇನ್ನು ನೋವಿರೋ ಕಾಲು ತಗೋ."