ಪತ್ರದ ಬೆನ್ನು

ನಡುರಾತ್ರಿ ಬೀರುವಿನೊಳಗೆ ಕರಕರ ಸದ್ದು. ಗಡಿಯಾರ ರಿಪೇರಿಯವನು ಎದ್ದುಬಿದ್ದು ಹೋಗಿ ನೋಡಿದರೆ, ಅವನ ತಂದೆಯ ಕಾಲದ ಕ್ರಯಪತ್ರದ ಅಂಚನ್ನು ಇಲಿಯೊಂದು ರುಚಿ ನೋಡುತ್ತಿತ್ತು. ಬೆಳಗಾದರೆ ಅದನ್ನೇ ಕೋರ್ಟಿಗೆ ಕೊಡಬೇಕು! ಅವನ ಅಂಗಡಿಗಿದ್ದ ಒಂದೇ ಓಣಿಗೆ ಪಕ್ಕದ ಸೈಕಲ್ ಅಂಗಡಿಯವನು ಗೇಟು ಜಡಿದಿದ್ದ. ಓಣಿ ತನ್ನದೆನ್ನಲು ಇವನ ಬಳಿ ಇದ್ದದ್ದು ಆ ಪತ್ರವೊಂದೇ.

"ಲ್ಯಾಮಿನೇಷನ್ ಮಾಡಿಸಿಬಿಡಿ ಭಾವ. ಇಲಿಯಲ್ಲ, ಆನೆ ಬಂದ್ರೂ ಏನೂ ಆಗಲ್ಲ," ಎಂದ ಹೆಂಡತಿಯ ತಮ್ಮ. ಬೆಳಿಗ್ಗೆ ಮೊದಲ ಕೆಲಸವೇ ಅದಾಯಿತು.

ಕೋರ್ಟಿನಲ್ಲಿ ಅವನ ವಕೀಲರು ಹಣೆ ಚಚ್ಚಿಕೊಂಡರು. "ಏನ್ರೀ ಇದು, ಹೋಟೆಲಿನ ತಿಂಡಿ ಪಟ್ಟಿ ಥರ! ಪತ್ರದ ಬೆನ್ನ ಮೇಲೆ ಕೋರ್ಟಿನ ಮೊಹರು ಬಿದ್ದು ನಂಬರ್ ಹಾಕಿದ್ರೇ ಇದು ಸಾಕ್ಷಿ. ಪ್ಲಾಸ್ಟಿಕ್ ಮೇಲೆ ಶಾಯಿ ನಿಲ್ಲತ್ತಾ?"

ನಿಲ್ಲಲಿಲ್ಲ. ಕೋರ್ಟಿನ ಗುಮಾಸ್ತರು ಒತ್ತಿದ ಮೊಹರು ಅಳಿಸಿ ವಕೀಲರ ಬಿಳಿ ಅಂಗಿಯ ತೋಳಿಗೆ ಮೆತ್ತಿಕೊಂಡಿತು.

"ಇದನ್ನ ತಗೊಳ್ಳೋದಕ್ಕೆ ನಮ್ಮ ಆಕ್ಷೇಪಣೆ ಇದೆ ಸ್ವಾಮಿ!" ಎದುರು ವಕೀಲರು ಚಂಗನೆ ಎದ್ದರು.

"ಮಧ್ಯಾಹ್ನದೊಳಗೆ ಸರಿ ಮಾಡಿ ತನ್ನಿ. ಇಲ್ಲದಿದ್ರೆ ಪತ್ರ ಇಲ್ಲ ಅಂತ ಬರ್ಕೋತೀನಿ," ಎಂದರು ನ್ಯಾಯಾಧೀಶರು.

"ಇಲಿಗೆ ಬೇಕಾದ ಪತ್ರ ಕೋರ್ಟಿಗೆ ಬೇಡ್ವಂತೆ!" ಪಡಸಾಲೆಯ ಬೆಂಚಿನಲ್ಲಿ ಕೂತು ರಿಪೇರಿಯವನು ಕುದಿದ. "ನಮ್ಮಪ್ಪ ಕೊಂಡ ಜಾಗಕ್ಕೆ ನಾನು ಪ್ಲಾಸ್ಟಿಕ್ ಸುಲೀಬೇಕಾ?" ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಡಿಯಾರ ಬಿಚ್ಚುವ ಬ್ಲೇಡು ಹಿಡಿದು ಸುಲಿಯತೊಡಗಿದ.

"ಹಬೆ ಹಿಡೀರಿ," ಎಂದ ಟೈಪಿಸ್ಟ್.

"ಇಸ್ತ್ರಿ ಪೆಟ್ಟಿಗೆ ಇಟ್ರೆ ಸಲೀಸು," ಎಂದ ಜವಾನ.

"ನಿಮ್ಮ ಬಾಯಿಗೇ ಇಟ್ಟರೆ ಇನ್ನೂ ಸಲೀಸು!"

ಕೊನೆಗೆ ಬೆನ್ನಿನ ಪ್ಲಾಸ್ಟಿಕ್ಕು ಬಾಳೆಸಿಪ್ಪೆಯಂತೆ ಕಿತ್ತು ಬಂತು. ಪತ್ರ ಗಟ್ಟಿಯಾಗಿರಲೆಂದು ತಂದೆ ಅದರ ಬೆನ್ನಿಗೆ ಅಂಟಿಸಿದ್ದ ಕಾಗದವೂ ಜೊತೆಗೇ ಬಂತು. ಅಷ್ಟರಲ್ಲಿ ಜವಾನ ಕೇಸಿನ ನಂಬರ್ ಕೂಗಿದ. ಇವನು ಒಂದೇ ಓಟ.

"ಆಕ್ಷೇಪಣೆ ತಳ್ಳಿಹಾಕಿದೆ. ಪತ್ರ ತಗೊಳ್ಳಿ," ಎಂದರು ನ್ಯಾಯಾಧೀಶರು.

ಮೊಹರು ಟಪ್ಪೆಂದು ಬಿತ್ತು. ನ್ಯಾಯಾಧೀಶರು ಮುಂದಿನ ಕೇಸಿನ ಕಡತ ನೋಡುತ್ತಲೇ ಸಹಿ ಎಳೆದರು. ಆ ಮೊಹರನ್ನು ಕಣ್ತುಂಬ ನೋಡೋಣವೆಂದು ರಿಪೇರಿಯವನು ಗುಮಾಸ್ತರ ಮೇಜಿನ ಮೇಲೆ ಬಾಗಿದ. ಕಣ್ಣಲ್ಲಿನ್ನೂ ಭೂತಗನ್ನಡಿಯಿತ್ತು. ಮೊಹರಿನ ಪಕ್ಕದಲ್ಲೇ, ಇಷ್ಟು ವರ್ಷ ಆ ಅಂಟಿಸಿದ ಕಾಗದದಡಿ ಮುಚ್ಚಿಹೋಗಿದ್ದ ತಂದೆಯ ಇರುವೆಯಂಥ ಕೈಬರಹ ಎಮ್ಮೆಯಾಗಿ ಕಾಣಿಸಿತು:

'ಈ ಓಣಿಯನ್ನು ಸೈಕಲ್ ಅಂಗಡಿಯವರಿಗೆ ಬಿಟ್ಟುಕೊಟ್ಟಿದ್ದೇನೆ.' ಕೆಳಗೆ ಸಹಿ, ಇಬ್ಬರು ಸಾಕ್ಷಿಗಳು.

"ಸ್ವಾಮಿ, ಅದನ್ನ ವಾಪಸ್ ಕೊಡ್ತೀರಾ?"

"ಕೇಸು ಮುಗಿಯೋವರೆಗೂ ಅದು ಕೋರ್ಟಿನದು," ಎಂದು ಗುಮಾಸ್ತರು ಕಡತಕ್ಕೆ ದಾರ ಬಿಗಿದರು.

"ಗೆದ್ವಿ ಕಣ್ರೀ! ಮುಂದಿನ ವಾಯಿದೆಗೆ ಅದನ್ನೇ ಜೋರಾಗಿ ಓದಿಸ್ತೀನಿ," ಎಂದು ವಕೀಲರು ಬೆನ್ನು ತಟ್ಟಿದರು. ಸೈಕಲ್ ಅಂಗಡಿಯವನು ಮುಖ ಸಪ್ಪೆ ಮಾಡಿಕೊಂಡು ಹೊರಗೆ ಹೋದ.

"ಅಷ್ಟೊತ್ತು ಏನು ಓದ್ತಿದ್ರಿ ಭಾವ?" ಎಂದ ಜೊತೆಗೆ ಬಂದಿದ್ದ ಭಾವಮೈದ.

"ಏನಿಲ್ಲ. ಮೊಹರು ನೆಟ್ಟಗೆ ಬಿದ್ದಿದೆಯಾ ಅಂತ ನೋಡ್ದೆ."

ವಕೀಲರಿಗೂ ಬೇಡ, ಹೆಂಡತಿಗಂತೂ ಬೇಡವೇ ಬೇಡ, ಯಾರಿಗೂ ಹೇಳಕೂಡದು ಎಂದು ಮೆಟ್ಟಿಲು ಇಳಿಯುವಾಗಲೇ ಅವನು ತೀರ್ಮಾನಿಸಿದ.