ಷಡ್ಡಕನ ಸರ್ವರ್, ನನ್ನ ಸರ್ವರ್

ಇಂಥವು ನನ್ನ ಪಾಲಿಗೆ ಆಗುತ್ತಲೇ ಇರುತ್ತವೆ. ಬೇರೆಯವರು ಮೊಬೈಲ್ ಹಿಡಿದರೆ ಹಾಡು ಕೇಳುತ್ತಾರೆ, ಸಿನಿಮಾ ನೋಡುತ್ತಾರೆ, ಬದಿಗಿಟ್ಟು ಮಲಗುತ್ತಾರೆ. ನಾನು ಹಿಡಿದರೆ ಏನೋ ಒಂದು ಗಂಟು ಬಿದ್ದು, ಅದನ್ನು ಬಿಚ್ಚಲು ಮನೆಮಂದಿಯೆಲ್ಲ ಕೂಡಬೇಕಾಗುತ್ತದೆ.

ನಾನು ಇಚಲಕರಂಜಿಯಲ್ಲಿ ಜಾಬರ್. ಅಂದರೆ ಪವರ್‌ಲೂಮ್ ಮಗ್ಗ ಕೆಟ್ಟರೆ ಸರಿ ಮಾಡುವವನು. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಹಳೇ ಮಗ್ಗ ಗುಜರಿಗೆ ಹಾಕಿ ಹೊಸವನ್ನು ತರುವ ಕಾಲ ಬಂದ ಮೇಲೆ ನನ್ನ ವಿದ್ಯೆಯ ಬಗ್ಗೆ ಮಾತಾಡುವವರು ಊರಲ್ಲಿ ಕಡಿಮೆಯಾದರು. ಕೊಲ್ಲಾಪುರದ ಕಾಲೇಜಿನಲ್ಲಿ ಕಲಿಸುವ ನನ್ನ ತಂಗಿ ಒಂದು ದಿನ, "ಅಣ್ಣಾ, ಹಳೇ ಮಗ್ಗದ ಹುಚ್ಚು ಇರೋ ಮಂದಿ ಜಗತ್ತಿನ ತುಂಬ ಅದಾರ. ಅವರದೊಂದು ಗುಂಪು ಐತಿ. ನೀನೂ ಸೇರಕೋ" ಎಂದಳು.

ಆ ಗುಂಪು ಇದ್ದದ್ದು ನಾವು ದಿನಾ ನೋಡುವಂಥ ಜಾಲದಲ್ಲಿ ಅಲ್ಲ. ಅದಕ್ಕೆ ಒಬ್ಬ ಮಾಲೀಕನೇ ಇಲ್ಲ. ಯಾರ್ಯಾರೋ ತಮ್ಮ ಖುಷಿಗೆ ಒಂದೊಂದು ಸರ್ವರ್ ನಡೆಸುತ್ತಾರೆ. ನೀವು ಒಂದರಲ್ಲಿ ಖಾತೆ ತೆರೆದರೆ ಸಾಕು, ಉಳಿದ ಸರ್ವರ್‌ಗಳ ಜನರ ಜೊತೆಗೂ ಮಾತಾಡಬಹುದು, ಅಲ್ಲಿಯ ಗುಂಪುಗಳಿಗೂ ಸೇರಬಹುದು. ನನ್ನ ಸಿಮ್ ಒಂದು ಕಂಪನಿಯದು, ನಿಮ್ಮದು ಇನ್ನೊಂದರದು, ಆದರೂ ಫೋನ್ ಹತ್ತುತ್ತದಲ್ಲ, ಹಾಗೆ. ನಾನು ಕನ್ನಡದಲ್ಲಿ ಬರೆಯುತ್ತೇನೆ, ಮೊಬೈಲ್ ಅದನ್ನು ಇಂಗ್ಲಿಷ್ ಮಾಡಿ ಕಳಿಸುತ್ತದೆ.

ಅರ್ಜಿ

ತಂಗಿ ಒಂದು ಸರ್ವರ್ ತೋರಿಸಿಕೊಟ್ಟು ತನ್ನ ಕೆಲಸಕ್ಕೆ ಹೋದಳು. ಅಲ್ಲಿ ಒಂದು ಚೌಕದಲ್ಲಿ, "ನೀವು ಯಾಕೆ ಸೇರಬೇಕೆಂದಿದ್ದೀರಿ?" ಎಂದು ಕೇಳಿತ್ತು. ಇಂಥ ಪ್ರಶ್ನೆಗೆ ಉತ್ತರ ಹೇಗಿರಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. "ಮಾನ್ಯರೇ, ವಿಷಯ: ಸದಸ್ಯತ್ವ ದೊರಕಿಸಿಕೊಡುವ ಕುರಿತು" ಎಂದು ಶುರುಮಾಡಿದೆ. ನನ್ನ ವಯಸ್ಸು, ಅನುಭವ, ತಂದೆಯ ಹೆಸರು, ನನ್ನ ಮೇಲೆ ಯಾವ ಪೊಲೀಸ್ ಕೇಸೂ ಇಲ್ಲ ಎಂಬ ಮಾತು, ಎಲ್ಲ ಬಂತು. ಕೆಳಗೆ "ತಮ್ಮ ವಿಧೇಯ" ಎಂದೆ.

ದಾಖಲೆ ಜೋಡಿಸಲು ಜಾಗ ಹುಡುಕಿದೆ, ಇರಲಿಲ್ಲ. ಸರ್ವರ್ ನಡೆಸುವವರ ಇಮೇಲ್ ಕೆಳಗಿತ್ತು. ರೇಷನ್ ಕಾರ್ಡು, ಲೈಟ್ ಬಿಲ್ಲು, ಇದೇ ಊರಲ್ಲಿ ವಾಸ ಎಂಬ ರಹಿವಾಸಿ ದಾಖಲೆ, ಮೂರರದೂ ಫೋಟೋ ತೆಗೆದು ಅಲ್ಲಿಗೆ ಕಳಿಸಿದೆ.

ಸಂಜೆ ಉತ್ತರ ಬಂತು. "ನಿಮಗೆ ಸ್ವಾಗತ. ನೀವು ಕಳಿಸಿದ ಕಾಗದಪತ್ರಗಳನ್ನೆಲ್ಲ ನಾನು ಅಳಿಸಿಹಾಕಿದ್ದೇನೆ. ದಯವಿಟ್ಟು ಇನ್ನಾರಿಗೂ ಕಳಿಸಬೇಡಿ. ನೀವು ಮನುಷ್ಯರು ಎಂದು ಗೊತ್ತಾದರೆ ನಮಗೆ ಸಾಕಿತ್ತು."

ಹೆಂಡತಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಂದಳು:

"ಝೆರಾಕ್ಸ್ ಬ್ಯಾಡ ಅನ್ನಾಂವ ಖರೇ ಆಫೀಸಿನಾಂವ ಇರಾಕ ಸಾಧ್ಯ ಇಲ್ಲ. ಎದಕ್ಕೂ ಓಟಿಪಿ ಕೇಳಿದರ ಕೊಡಬ್ಯಾಡ್ರಿ."

ಖಾಲಿ ಗುಂಪು

ಖಾತೆ ಆಯಿತು, ಗುಂಪು ಸಿಗಲಿಲ್ಲ. ಮಗ್ಗ ಎಂದು ಹುಡುಕಿದೆ, ನೇಯ್ಗೆ ಎಂದು ಹುಡುಕಿದೆ, ಏನೂ ಇಲ್ಲ. ತಂಗಿಗೆ ಫೋನ್ ಮಾಡಿದೆ.

"ಆ ಗುಂಪು ಬ್ಯಾರೇ ಸರ್ವರಿನಾಗ ಐತಿ ಅಣ್ಣಾ. ನಿನ್ನ ಸರ್ವರಿನಿಂದ ಯಾರೂ ಅಲ್ಲಿಗೆ ಹೋಗಿಲ್ಲ. ಅದಕ್ಕ ನಿಮ್ಮ ಸರ್ವರಿಗೆ ಅದು ಗೊತ್ತಿಲ್ಲ. ಗುಂಪಿನ ಹೆಸರು, ಅದರ ಮುಂದ ಸರ್ವರಿನ ಹೆಸರು, ಪೂರಾ ಪತ್ತೆ ಹಾಕು."

ಪೂರಾ ಪತ್ತೆ, ಅಂದರೆ ವಿಳಾಸ, ಹಾಕಿದೆ. ಗುಂಪು ಸಿಕ್ಕಿತು. ಆದರೆ ಒಳಗೆ ಏನೂ ಇರಲಿಲ್ಲ. ಒಂದು ಮಾತಿಲ್ಲ, ಒಂದು ಚಿತ್ರವಿಲ್ಲ. ಮೊದಲ ಸಲ ಹೋದಾಗ ಹಳೆಯ ಮಾತುಗಳು ನಮ್ಮ ಕಡೆ ಕಾಣುವುದಿಲ್ಲ, ಸೇರಿದ ಮೇಲೆ ಬರುವ ಹೊಸವು ಮಾತ್ರ ಕಾಣುತ್ತವೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಯಾರೋ ಪಾಪ, ಆಸೆಯಿಂದ ಗುಂಪು ಕಟ್ಟಿದ್ದಾರೆ, ಒಬ್ಬರೂ ಬಂದಿಲ್ಲ ಎಂದು ನನಗೆ ಕೆಟ್ಟದೆನಿಸಿತು. ಹೀಗೆ ಬರೆದೆ:

"ಯಾರೂ ಬರಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಈಗ ನಾನು ಬಂದಿದ್ದೇನೆ. ನಾವಿಬ್ಬರೂ ಸೇರಿ ನಡೆಸಿಕೊಂಡು ಹೋಗೋಣ. ಧೈರ್ಯವಾಗಿರಿ."

ಅರ್ಧ ತಾಸಿನಲ್ಲಿ ಮೊಬೈಲು ಟಿಣ್ ಟಿಣ್ ಅನ್ನತೊಡಗಿದ್ದು ಊಟದ ಹೊತ್ತಿನವರೆಗೂ ನಿಲ್ಲಲಿಲ್ಲ. ಮೊದಲ ಉತ್ತರ ಗುಂಪು ಕಟ್ಟಿದವರದೇ ಆಗಿತ್ತು.

"ನಿಮ್ಮ ಮಾತು ಓದಿ ಮನಸ್ಸು ತುಂಬಿ ಬಂತು. ನಾವು ಇಲ್ಲಿ ಸಾವಿರಾರು ಜನ ಇದ್ದೇವೆ. ಎಲ್ಲರೂ ಧೈರ್ಯವಾಗಿದ್ದೇವೆ."

ಎಡಗಡೆಯ ಸಡಿಲು

ಆ ಗುಂಪಿನಲ್ಲಿ ದೂರದೇಶದ ಒಬ್ಬ ಅಜ್ಜಿ ಇದ್ದರು. ಮನೆಯಲ್ಲಿ ಕಟ್ಟಿಗೆಯ ಕೈಮಗ್ಗ ಇಟ್ಟುಕೊಂಡು ಹವ್ಯಾಸಕ್ಕೆ ನೇಯುವವರು. ಅವರ ಬಟ್ಟೆ ಎಡಗಡೆಗೆ ಮಾತ್ರ ಸಡಿಲು ಬೀಳುತ್ತಿತ್ತು. ಗುಂಪಿನ ಶಾಣ್ಯಾರೆಲ್ಲ ಕೂಡಿದರು. ಒಬ್ಬರು ಹವೆಯ ತಂಪು ಅಂದರು, ಒಬ್ಬರು ನೂಲಿನ ದೋಷ ಅಂದರು, ಇನ್ನೊಬ್ಬರು ನಾಲ್ಕು ಚಿತ್ರ ಬರೆದು ಲೆಕ್ಕ ಬಿಡಿಸಿ ತೋರಿಸಿದರು. ಆ ಅಜ್ಜಿ ನೂಲು ಬದಲಿಸಿದರು, ಮಗ್ಗವನ್ನೇ ಬೇರೆ ಕೋಣೆಗೆ ಒಯ್ದರು. ಸಡಿಲು ಹೋಗಲಿಲ್ಲ. ಮೊಮ್ಮಗಳ ಮದುವೆಗೆಂದು ನೇಯುತ್ತಿದ್ದ ಬಟ್ಟೆಯಂತೆ. ಇನ್ನು ಬಿಟ್ಟುಬಿಡುತ್ತೇನೆ ಎಂದು ಬರೆದು ಕೊನೆಯ ಸಲ ಒಂದು ಫೋಟೋ ಹಾಕಿದರು.

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಮಗ್ಗದ ಮೇಲೆ, ಬಿಗಿದ ಎಳೆಗಳ ಎಡತುದಿಯಲ್ಲಿ, ಒಂದು ದಪ್ಪ ಬೆಕ್ಕು ಮಲಗಿತ್ತು.

"ಈ ಬೆಕ್ಕು ದಿನಾ ಇಲ್ಲೇ ಮಲಗುತ್ತದೆಯೇ?" ಎಂದು ಕೇಳಿದೆ.

"ಹೌದು, ಅದರ ಜಾಗವೇ ಅದು."

"ಬೆಕ್ಕನ್ನು ಎಬ್ಬಿಸಿರಿ."

ವಾರದ ಮೇಲೆ ಬಟ್ಟೆ ಸರಿಬಂತು. ಇಡೀ ಗುಂಪು ನನಗೆ ಶಾಭಾಸ್‌ಗಿರಿ ಕೊಟ್ಟಿತು. ಖುಷಿಯಲ್ಲಿ ಕಾರ್ಖಾನೆಯ ಮಾಲೀಕರಿಗೂ ಹೇಳಿದೆ. ಅವರು ತಿಂಗಳಿಂದ ಹಾಳಾಗಿ ನಿಂತಿದ್ದ ಹನ್ನೊಂದನೇ ಮಗ್ಗದ ಕಡೆ ನೋಡಿ, "ಕಾಯ್ ಜಾಬರ್, ಆತಾ ಮಾಂಜರಾಂಚಾ ಡಾಕ್ಟರ್ ಝಾಲಾಸ್ ಕಾ?" ಅಂದರು. ಬೆಕ್ಕುಗಳ ಡಾಕ್ಟರ್ ಆದೆಯಾ ಎಂದು.

ಆ ಅಜ್ಜಿ ಆಮೇಲೆ, "ನಿಮ್ಮ ಹತ್ತಿರ ಎಷ್ಟು ಮಗ್ಗ ಇವೆ?" ಎಂದು ಕೇಳಿದರು. ನಾನು ನೋಡಿಕೊಳ್ಳುವುದು ನಲವತ್ತೆಂಟು, ಹಾಗೇ ಬರೆದೆ. ಅವರು ನಮ್ಮ ಮನೆಯಲ್ಲೇ ಇವೆ ಎಂದು ತಿಳಿದು, "ನಿಮ್ಮ ಹೆಂಡತಿ ಏನೂ ಅನ್ನುವುದಿಲ್ಲವೇ?" ಎಂದರು.

ಹೆಂಡತಿಯನ್ನು ಕೇಳಿದೆ, ಏನು ಬರೆಯಲಿ ಎಂದು.

"ನಲವತ್ತೆಂಟು ಮಗ್ಗದ್ದು ಏನೂ ತಕರಾರ ಇಲ್ಲ, ಒಂದು ಮೊಬೈಲಿಂದ ಐತಿ ಅಂತ ಬರೀರಿ."

ಸಕ್ಕರೆ

ನನ್ನ ಷಡ್ಡಕರು, ಅಂದರೆ ಹೆಂಡತಿಯ ತಂಗಿಯ ಗಂಡ, ಗಡಹಿಂಗ್ಲಜದವರು. ಕಬ್ಬು ಬೆಳೆಯುತ್ತಾರೆ, ಸ್ವಂತ ಗಾಣವಿದೆ, ಬೆಲ್ಲ ಮಾಡುತ್ತಾರೆ. ನನ್ನ ಬೆಕ್ಕಿನ ಕಥೆ ಕೇಳಿ ಅವರಿಗೂ ಹುಮ್ಮಸ್ಸು ಬಂತು. ಬೇರೆ ಸರ್ವರ್ ಒಂದರಲ್ಲಿ ಖಾತೆ ತೆರೆದು, ಸಕ್ಕರೆ ಎಂದು ಹುಡುಕಿ, ಸಿಕ್ಕ ದೊಡ್ಡ ಗುಂಪಿಗೆ ಸೇರಿಬಿಟ್ಟರು. ಹೆಸರಿನ ಕೆಳಗೆ ಬರೆದಿದ್ದನ್ನು ಓದಲಿಲ್ಲ.

ಮೊದಲ ದಿನವೇ ಗಾಣದ ಫೋಟೋ ಹಾಕಿದರು. ಕೊಪ್ಪರಿಗೆಯಲ್ಲಿ ಕುದಿಯುವ ಪಾಕ, ಪಕ್ಕದಲ್ಲಿ ಹೊಗೆಯಾಡುವ ಬಿಸಿ ಬೆಲ್ಲ. "ಈ ವರ್ಷ ಬೆಳೆ ಭಾಳ ಚಲೋ ಬಂದೈತಿ. ಎಲ್ಲರೂ ಬರ್ರಿ, ಹೊಟ್ಟಿ ತುಂಬ ತಿನ್ರಿ" ಎಂದು ಬರೆದರು.

ಅದು ಸಕ್ಕರೆ ತಿನ್ನುವುದನ್ನು ಬಿಡಲು ಒದ್ದಾಡುತ್ತಿರುವವರ ಗುಂಪು.

ಗುಂಪು ನಡೆಸುವವರು ಅದನ್ನು ತೆಗೆದುಹಾಕಿ, ಇನ್ನೊಮ್ಮೆ ಹೀಗೆ ಮಾಡಿದರೆ ಹೊರಗೆ ಹಾಕುವುದಾಗಿ ತಿಳಿಸಿದರು. ಷಡ್ಡಕರು ಪೆಚ್ಚಾಗಿ ನನಗೆ ಫೋನ್ ಮಾಡಿದರು. "ಊಟಕ್ಕ ಕರದಾವರಿಗೆ ಹಿಂಗ ಅಂತಾರೇನ್ರಿ?"

"ಹೋಗಲಿ ಬಿಡ್ರಿ. ಯಾರರ ಬೈದು ಬರದಾರೇನು?"

"ಬೈದಿಲ್ರಿ. ಮೂರು ಮಂದಿ ಖಾಸಗಿಯಾಗಿ ಬರದು ಪತ್ತೆ ಕೇಳ್ಯಾರ."

ವಾಸ್ತುಶಾಂತಿ

ಆಮೇಲೆ ಷಡ್ಡಕರೂ ನಾನೂ ಆ ಜಾಲದಲ್ಲಿ ದಿನಾ ಮಾತಾಡುವುದು ರೂಢಿಯಾಯಿತು. ಸರ್ವರ್ ಬೇರೆ ಬೇರೆಯಾದರೂ ತೊಂದರೆ ಇರಲಿಲ್ಲ. ಅವರು ಹೊಸ ಮನೆ ಕಟ್ಟಿಸುತ್ತಿದ್ದರು. ಒಂದು ದಿನ "ಬಣ್ಣ ಹಚ್ಚೂದು ಆತೇನ್ರಿ?" ಎಂದು ಕೇಳಿದೆ. ಉತ್ತರವಿಲ್ಲ. ಮತ್ತೆ ಎರಡು ಸಲ ಬರೆದೆ. ಉತ್ತರವಿಲ್ಲ. ಅಷ್ಟರಲ್ಲಿ ಒಂದು ಮದುವೆಯಲ್ಲಿ ಸಿಕ್ಕ ದೂರದ ನೆಂಟರು, "ಗಡಹಿಂಗ್ಲಜದ ವಾಸ್ತುಶಾಂತಿಗೆ ನೀವು ಯಾವಾಗ ಹೊಂಡತೀರಿ?" ಎಂದು ಕೇಳಿದರು. ದಿನ ನಿಗದಿಯಾದ ಸುದ್ದಿ ನಮಗೆ ಗೊತ್ತಾಗಿದ್ದೇ ಆಗ.

ಮನೆಗೆ ಬಂದ ಮೇಲೆ ಹೆಂಡತಿ ಅಂದಳು: "ನನ್ನ ಸ್ವಂತ ತಂಗಿ ಮನಿ ಸುದ್ದಿ ಊರವರ ಬಾಯಿಂದ ಕೇಳಬೇಕಾತು. ಅವರಾಗಿ ಕರಿಯೂತನಕಾ ನಾ ಫೋನ್ ಮಾಡಂಗಿಲ್ಲ."

ಅತ್ತ ಗಡಹಿಂಗ್ಲಜದಲ್ಲಿ ಅವಳ ತಂಗಿ ಹೇಳುತ್ತಿದ್ದದ್ದು: "ನಮ್ಮವರು ಐದು ಸಲ ಕರದಾರ. ಹೂಂ ಇಲ್ಲ, ಊಹೂಂ ಇಲ್ಲ. ದೊಡ್ಡ ಮಂದಿ ಆಗ್ಯಾರ. ನಾನೂ ಫೋನ್ ಮಾಡಂಗಿಲ್ಲ."

ದಿನಕ್ಕೆ ಎರಡು ಸಲ ಮಾತಾಡುತ್ತಿದ್ದ ಅಕ್ಕತಂಗಿಯರು ಹನ್ನೆರಡು ದಿನ ಮಾತಾಡಲಿಲ್ಲ. ನನ್ನ ಮನೆಯಲ್ಲಿ ಊಟ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಇಬ್ಬರೂ ಬೇರೆ ಬೇರೆಯಾಗಿ ತಂದೆಗೆ ಫೋನ್ ಮಾಡಿ ಅತ್ತರು. ಮಾವ ಎರಡೂ ಮನೆಯವರನ್ನು ಆದಿತ್ಯವಾರ ತಮ್ಮ ಹಳ್ಳಿಗೆ ಕರೆಸಿದರು. ಅವರು ಆಯುಷ್ಯವೆಲ್ಲ ಕುರಿ ಕಾಯ್ದವರು. ಎರಡು ಹಿಂಡು ಕೂಡಿಬಿಟ್ಟರೆ ಯಾವ ಕುರಿ ಯಾರದು ಎಂದು ಜಗಳವಿಲ್ಲದೆ ಬೇರೆ ಮಾಡಿಕೊಡುವುದರಲ್ಲಿ ಹೆಸರಾದವರು.

"ಮದಲ ಚಾ ಕುಡೀರಿ" ಅಂದರು. ಕುಡಿದೆವು. "ಈಗ ಇಬ್ಬರೂ ಮೊಬೈಲ್ ಇಲ್ಲಿ ಇಡ್ರಿ."

ಷಡ್ಡಕರ ಮೊಬೈಲಿನಲ್ಲಿ ನನಗೆ ಬರೆದ ಐದು ಕರೆಯೋಲೆ ಇದ್ದವು. ಕೊನೆಯದು, "ಬರೂದಿಲ್ಲಂದ್ರ ಹಂಗರ ಹೇಳ್ರಿ" ಎಂದು. ನನ್ನದರಲ್ಲಿ ಬಣ್ಣದ ಬಗ್ಗೆ ಮೂರು ಪ್ರಶ್ನೆ ಇದ್ದವು. ಅವರದು ನನಗೆ ಬಂದಿರಲಿಲ್ಲ, ನನ್ನದು ಅವರಿಗೆ ಹೋಗಿರಲಿಲ್ಲ. ಕೊಲ್ಲಾಪುರದ ನನ್ನ ತಂಗಿಗೆ ಫೋನ್ ಹಚ್ಚಿದೆವು. ಅವಳು ಐದು ನಿಮಿಷ ಹುಡುಕಿ ಹೇಳಿದಳು: ನನ್ನ ಸರ್ವರ್ ನಡೆಸುವವರಿಗೂ ಷಡ್ಡಕರ ಸರ್ವರ್ ನಡೆಸುವವರಿಗೂ ಜಗಳವಾಗಿ, ಇಬ್ಬರೂ ಸಂಬಂಧ ಕಡಿದುಕೊಂಡಿದ್ದಾರೆ. ಈ ಕಡೆಯ ಮಾತು ಆ ಕಡೆ ಹೋಗುವುದಿಲ್ಲ.

ಮಾವ ಕೇಳಿದರು. "ಅವರಿಬ್ಬರೂ ಯಾರು? ನಮ್ಮ ಪೈಕಿ ಏನು?"

"ಅಲ್ರಿ. ಇಬ್ಬರೂ ಬ್ಯಾರೇ ಬ್ಯಾರೇ ದೇಶದಾವರು."

"ಅವರ ಜಗಳಕ್ಕ ನನ್ನ ಹೆಣ್ಮಕ್ಕಳು ಹನ್ನೆರಡು ದಿನ ಅತ್ತಾರ. ಇದಕ್ಕ ಹಾದಿ ಏನು?"

ನಮ್ಮಿಬ್ಬರಲ್ಲಿ ಒಬ್ಬರು ತಮ್ಮ ಖಾತೆಯನ್ನು ಇನ್ನೊಬ್ಬರ ಸರ್ವರಿಗೆ ಎತ್ತಿಕೊಂಡು ಹೋದರೆ ಸಾಕು ಎಂದು ತಂಗಿ ಹೇಳಿದಳು. ನಾನು ಷಡ್ಡಕರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಒಳಗೆ ಅಕ್ಕತಂಗಿಯರು ಆಗಲೇ ಒಂದೇ ತಾಟಿನಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ಮಾವ, "ವಿಚಾರ ಮಾಡಿ ಮಾಡ್ರಿ" ಎಂದು ಎದ್ದರು.

ವಾಸ್ತುಶಾಂತಿ ಚೆನ್ನಾಗಿ ಆಯಿತು. ನಾವು ಎರಡು ದಿನ ಮೊದಲೇ ಹೋಗಿ ಪೆಂಡಾಲಿನ ಕೆಲಸಕ್ಕೆ ನಿಂತೆವು. ಷಡ್ಡಕರು ನನಗೆ ಎಲ್ಲರಿಗಿಂತ ಮೊದಲು ಟೊಪಿಗೆ, ಟಾವೆಲ್ ಕೊಟ್ಟು ಮಾನ ಮಾಡಿದರು. ನನಗೆ ಮನಸ್ಸು ಚುಚ್ಚಿತು. ನಾನು ವಯಸ್ಸಿನಲ್ಲಿ ಹಿರಿಯ, ನಾನೇ ಸೋಲಬೇಕು ಎನಿಸಿತು. ಊರಿಗೆ ಬಂದವನೇ ಯಾರಿಗೂ ಹೇಳದೆ ಅವರ ಸರ್ವರಿಗೆ ಅರ್ಜಿ ಹಾಕಿ, ಸಂಜೆಯೊಳಗೆ ನನ್ನ ಖಾತೆ ಎತ್ತಿಕೊಂಡು ಹೋದೆ. "ಬಂದೇನ್ರಿ ನಿಮ್ಮ ಮನಿಗೆ" ಎಂದು ಅವರಿಗೆ ಬರೆದೆ.

ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಹೆಂಡತಿ ನನ್ನ ಮುಖ ನೋಡತೊಡಗಿದಳು. ಹೆದರಿ ನೇರ ಫೋನ್ ಮಾಡಿದೆ.

"ನಾನೂ ನಿನ್ನೆಯಿಂದ ನಿಮ್ಮ ಹಾದಿ ಕಾಯಾಕತ್ತೇನ್ರಿ" ಅಂದರು ಷಡ್ಡಕರು. "ನೀವು ಹಿರಿಯರು, ನಾನ ಸೋಲಬೇಕು ಅಂತ ನಿಮ್ಮ ಸರ್ವರಿಗೆ ಬಂದು ಕುಂತೇನಿ. ನೀವ ಎಲ್ಲೂ ಕಾಣವಲ್ರಿ."

ವಿಷಯ ಮಾವನವರೆಗೂ ಹೋಯಿತು. ಅವರು ಫೋನಿನಲ್ಲೇ ಹಿಂಡು ಎಣಿಸಿದರು.

"ಅಂದರ ಅಳಿಯಂದ್ರ, ಈಗ ನೀವು ಅವರ ಮನ್ಯಾಗ, ಅವರು ನಿಮ್ಮ ಮನ್ಯಾಗ."

"ಹೌದ್ರಿ."

"ತಿರುಗಿ ಬರಾಕ?"

"ಒಮ್ಮೆ ಹೋದರ ಒಂದು ತಿಂಗಳ ಏಳಾಕ ಬರೂದಿಲ್ಲಂತ್ರಿ."

"ಆತು. ತಿಂಗಳ ಆದಮ್ಯಾಲ ಒಬ್ಬರು ಮಾತ್ರ ಏಳ್ರಿ, ಇನ್ನೊಬ್ಬರು ಕುಂತಲ್ಲೇ ಕುಂತಿರ್ರಿ. ಅಲ್ಲಿತನಕಾ ಗಡಹಿಂಗ್ಲಜಕ್ಕ ಎಸ್‌ಟಿ ಬಸ್ ಐತಿ."