ಸಕ್ಕರೆ ಪೂರ್ತಿ ತಿಂದು ಮುಗಿಸಿದ ಯೀಸ್ಟ್ ಮಹಾಶಯರಿಗೆ

ಡೊಂಬಿವಲಿ ಪೂರ್ವದ ನಮ್ಮ ಮನೆಯ ಬಾಲ್ಕನಿಯಲ್ಲಿ, ಬಿಳಿ ಬಕೆಟ್ಟಿನೊಳಗೆ ಸುಖವಾಗಿ ನೆಲೆಸಿರುವ ಮಾನ್ಯ ಯೀಸ್ಟ್ ಮಹಾಶಯರ ಸನ್ನಿಧಿಗೆ, ಆ ಬಕೆಟ್ಟಿನ ಮಾಲೀಕನಾದ ಲಕ್ಷ್ಮೀಕಾಂತನ ಸವಿನಯ ನಮಸ್ಕಾರಗಳು.

ಮಾನ್ಯರೇ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಕುದಿಸಿ ನಾನು ಮಾಡಿದ ಮೊದಲ ಬಿಯರನ್ನು ನನ್ನ ಹೆಂಡತಿ ವಾರಿಜಾ 'ಕಹಿ ಗಂಜಿ' ಎಂದು ಕರೆದದ್ದು ತಮಗೆ ತಿಳಿದೇ ಇದೆ. ಎರಡನೆಯದೂ ಹಾಗೇ ಆದರೆ ಬಕೆಟ್ಟು ಮನೆಯಿಂದಾಚೆ ಎಂದೂ, ತೀರ್ಪು ಕೊಡಲು ಖಾರಘರದಿಂದ ತನ್ನ ಅಣ್ಣ ವಿಶ್ರುತ ಬರುತ್ತಾರೆಂದೂ ಅವಳು ಸಾರಿದಳು. ಮದುವೆಯಾದಂದಿನಿಂದ ನನ್ನ ಬಗ್ಗೆ ಒಂದೂ ಒಳ್ಳೆಯ ಮಾತನ್ನಾಡದ ಮನುಷ್ಯ ಅವರು. ಬಿಯರು ಸಿಹಿಯಾದರೆ ಮಾತೂ ಸಿಹಿಯಾದೀತೆಂದು ನಾನು ಒಂದು ಕಿಲೋ ಸಕ್ಕರೆ ಸುರಿದೆ. ಸಕ್ಕರೆ ಹಾಕಿದಷ್ಟಕ್ಕೆ ತಕ್ಕಂತೆ ಮಾಲ್ಟನ್ನು ಕಡಿಮೆ ಮಾಡಬೇಕೆಂದು ಓದಿದ್ದೆ, ನಿಜ. ಆದರೆ ಧಾರಾಳಿಯಾದ ನಾನು ಏನನ್ನೂ ಕಡಿಮೆ ಮಾಡಲಿಲ್ಲ.

ಮಾಲ್ಟಿನ ಸಿಹಿಯಲ್ಲಿ ನಮಗೂ ಒಂದಿಷ್ಟು ಉಳಿಸುವ ತಾವು, ಸಕ್ಕರೆಯನ್ನು ಮಾತ್ರ ಒಂದು ಹರಳೂ ಬಿಡದೆ ತಿಂದು, ಸಮಸ್ತವನ್ನೂ ಅಮಲಾಗಿಸಿದಿರಿ. ಇಂಥ ಕಾರ್ಯದಕ್ಷತೆಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

"ಎಂತ ಭಾವ ಇದು, ಬರೀ ನೀರು! ಸಕ್ಕರೆ ಹಾಕ್ಲೇ ಇಲ್ವಾ?" ಎನ್ನುತ್ತ ವಿಶ್ರುತ ಭಾವ ಒಂದು ಲೋಟ ಮುಗಿಸಿದರು, ಸಂಶಯ ಪರಿಹಾರಕ್ಕೆಂದು ಇನ್ನೆರಡು. ಲೋಕಲ್ ರೈಲು ಹಿಡಿಯಲು ಎದ್ದವರು ಚಪ್ಪಲಿ ಸ್ಟ್ಯಾಂಡಿನ ಮೇಲೆಯೇ ಕುಳಿತು, ಲಿಫ್ಟಿಗೆ ಕಾಯುತ್ತಿದ್ದ ಹೌಸಿಂಗ್ ಸೊಸೈಟಿ ಚೇರ್ಮನ್ನರಿಗೆ "ಆಮ್ಚೆ ಭಾವೋಜಿ ಏಕ್ ನಂಬರ್!" ಎಂದು, ಅಂದರೆ ತನ್ನ ತಂಗಿಯ ಗಂಡ ನಂಬರ್ ಒನ್ ಎಂದು, ಮರಾಠಿಯಲ್ಲಿ ಕೂಗಿ ಹೇಳಿದರು. ಆಮೇಲೆ ತಂಗಿಯ ಕೈ ಹಿಡಿದು ಅತ್ತೇಬಿಟ್ಟರು. "ಈ ಸಂಬಂಧ ಬೇಡ ಅಂತ ಅಪ್ಪನ ಹತ್ರ ಹೇಳಿದ್ದು ನಾನೇ ಮಾರಾಯ್ತಿ. ತಪ್ಪಾಯ್ತು."

"ಗೊತ್ತುಂಟು ಅಣ್ಣ. ಅಪ್ಪ ಅವತ್ತೇ ಹೇಳಿದ್ರು," ಎಂದಳು ವಾರಿಜಾ. ಅಣ್ಣನ ಬಾಯಿಂದ ಅದನ್ನು ಕೇಳಲು ಅವಳು ಇಷ್ಟು ವರ್ಷ ಕಾದಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ. ಅವರಿಗೆ ಹಾಸಿಗೆ ಹಾಸಿ ಬಂದವಳು ನನ್ನತ್ತ ತಿರುಗಿ, "ಬಕೆಟ್ ಇರ್ಲಿ," ಎಂದಳು.

ಆದ್ದರಿಂದ ತಮ್ಮಲ್ಲಿ ಅರಿಕೆ: ಮುಂದಿನ ಸಲ ನಾನು ಮಾಲ್ಟನ್ನು ತೂಗಿ ಇಳಿಸುತ್ತೇನೆ, ತಾವು ಏಕಾದಶಿಗೊಂದು ಉಪವಾಸವನ್ನಾದರೂ ಮಾಡುವ ಕೃಪೆ ತೋರಬೇಕು.

ತಮ್ಮ ಅನ್ನದಾತನೂ ವಿಶ್ವಾಸಿಯೂ ಆದ,
ಲಕ್ಷ್ಮೀಕಾಂತ

ವಿ.ಸೂ.: ಬೆಳಿಗ್ಗೆ ಎದ್ದ ಭಾವ ತನಗೇನೂ ನೆನಪಿಲ್ಲವೆಂದರು, ವಾರಿಜಾ ಒಂದಕ್ಷರ ಬಿಡದೆ ನೆನಪಿಸಿದಳು. ಈಗ ನಮ್ಮ ಮನೆಯಲ್ಲಿ ಅವರು ಕುಡಿಯುವುದು ಚಹಾ ಮಾತ್ರ, ಅದೂ ಸಕ್ಕರೆಯಿಲ್ಲದ್ದು. ಸಕ್ಕರೆ ಇದ್ದಲ್ಲೆಲ್ಲ ತಾವು ಕೈಚಳಕ ತೋರದೆ ಬಿಡುವುದಿಲ್ಲವೆಂದು ತಮ್ಮ ಮೇಲೆ ಅವರಿಗೆ ಅಷ್ಟು ನಂಬಿಕೆ.